ಕೇಳಿದ್ದಕ್ಕೆಲ್ಲ ಆಗಲಿ ಅಂದ ಕಂಪನಿ

ಯಾರಾದರೂ ನನಗೆ ಒಳ್ಳೆಯದು ಮಾಡಲು ಬಂದರೆ, ಅವರ ಬೆನ್ನ ಹಿಂದೆ ಇನ್ನೇನಿದೆ ಎಂದು ಇಣುಕಿ ನೋಡುವುದು ನನ್ನ ಸ್ವಭಾವ. ಹೆಂಡತಿ ಭಾಗ್ಯ ಇದನ್ನು ಕಾಯಿಲೆ ಎನ್ನುತ್ತಾಳೆ, ನಾನು ಮುಂಜಾಗ್ರತೆ ಎನ್ನುತ್ತೇನೆ. ತರಕಾರಿಯವನು ಕೇಳದೆಯೇ ಕೊತ್ತಂಬರಿ ಸೊಪ್ಪು ಹಾಕಿದರೆ, ಚೀಲದ ಟೊಮೆಟೊಗಳನ್ನೆಲ್ಲ ತಿರುಗಿಸಿ ನೋಡುತ್ತೇನೆ. ಇದು ತಾಯಿಯ ಕಡೆಯಿಂದ ಬಂದ ಆಸ್ತಿ. ಕೈಲಾಂಚದ ನನ್ನ ಸೋದರಮಾವ ಒಮ್ಮೆ ಎತ್ತು ಕೊಳ್ಳಲು ಹೋಗಿ, ತಾವು ಹೇಳಿದ ಬೆಲೆಗೆ ಮಾರುವವನು ತಕ್ಷಣ ಒಪ್ಪಿದನೆಂದು ಬರಿಗೈಯಲ್ಲಿ ವಾಪಸು ಬಂದಿದ್ದರು. "ಬಾಯ್ ಮುಚ್ಚೋದ್ರೊಳ್ಗೆ ಒಪ್ಕೊಂಡ್ಬುಟ್ಟ ಕಣ್ಲಾ. ಎತ್ನಲ್ಲಿ ಏನೋ ಐತೆ," ಎಂದಿದ್ದರು. ಆ ಎತ್ತು ಪಕ್ಕದ ಮನೆಯವರ ಹೊಲದಲ್ಲಿ ಬಹಳ ಕಾಲ ಚೆನ್ನಾಗಿಯೇ ಉತ್ತಿತು. ಮಾವ ಮಾತ್ರ ಅದು ಇಂದು ಕುಂಟೀತು, ನಾಳೆ ಕುಂಟೀತು ಎಂದು ಬೇಲಿಯ ಈಚೆ ನಿಂತು ಕಾಯುತ್ತಿದ್ದರು.

ಇನ್ನು ನನ್ನ ಕಥೆ. ಚನ್ನಪಟ್ಟಣದ ನಮ್ಮ ಮನೆಯಲ್ಲಿ ನಾನೂ ಭಾಗ್ಯಳೂ ಸೇರಿ ಒಂದು ಗೇಮ್ ಮಾಡಿದ್ದೇವೆ. ಮರದ ಗೊಂಬೆಯೊಂದು ರಾಮನಗರದ ಬಂಡೆಗಳ ಮೇಲೆ ಗಾಡಿ ಓಡಿಸಬೇಕು, ಉರುಳಬಾರದು. ಕಂಪ್ಯೂಟರಿನ ಒಳಗಿನ ಕೆಲಸ ನನ್ನದು, ಚಿತ್ರವೆಲ್ಲ ಅವಳದು. ಫೋನಿನಲ್ಲಿ ಬಿಟ್ಟಾಗ ನೆಂಟರು ಆಡಿದರು, ಅದೂ ನಮ್ಮ ದಾಕ್ಷಿಣ್ಯಕ್ಕೆ. ಭಾಗ್ಯ ಗೊಂಬೆಯ ರವಿಕೆಯ ಅಂಚಿಗೂ ಬಣ್ಣ ತುಂಬಿದ್ದಳು. ಫೋನಿನಲ್ಲಿ ಗೊಂಬೆಯೇ ಕಾಣಿಸದು, ಇನ್ನು ರವಿಕೆಯ ಮಾತೆಲ್ಲಿ? "ಒಂದ್ಸಲ ಟೀವೀಲಿ ದೊಡ್ದಾಗಿ ನೋಡ್ಬೇಕು ಕಣ್ರೀ," ಎನ್ನುವುದೊಂದೇ ಅವಳ ಆಸೆ.

ಅಷ್ಟರಲ್ಲಿ ಟೀವಿಗೆ ಜೋಡಿಸಿ ಆಡುವ ಯಂತ್ರ ತಯಾರಿಸುವ ಕಂಪನಿಯೊಂದರಿಂದ ಅರವಿಂದ್ ಎಂಬಾತ ಮನೆಗೇ ಬಂದ. ಅವರದು ಹೊಸ ಕನ್ಸೋಲ್. ಯಂತ್ರವೇನೋ ತಯಾರಾಗಿದೆ, ಅದರಲ್ಲಿ ಆಡಲು ಗೇಮ್‌ಗಳೇ ಇಲ್ಲ. ಅದಕ್ಕೇ ನಮ್ಮಂಥ ಹೊರಗಿನವರನ್ನು ಊರೂರು ಅಲೆದು ಹುಡುಕುತ್ತಿದ್ದಾರಂತೆ. ನಮ್ಮ ಗೇಮ್ ಬಹಳ ಚೆನ್ನಾಗಿದೆ ಎಂದ. ನನಗೆ ಆಗಲೇ ಅನುಮಾನ ಬಂತು.

ಕಾಫಿ ಮುಗಿಯುವ ಮೊದಲೇ ಚೌಕಾಸಿ ಶುರು ಮಾಡಿದೆ. ಗೇಮ್ ಹೊಂದಿಸಿ ನೋಡಲು ನಿಮ್ಮ ಯಂತ್ರ ಪುಕ್ಕಟೆ ಬೇಕು ಎಂದೆ. "ಕೊಡ್ತೀವಿ ಸರ್" ಎಂದ. ತೊಂದರೆಯಾದರೆ ನಿಮ್ಮ ಇಂಜಿನಿಯರು ಫೋನ್ ಎತ್ತಬೇಕು, ಅದೂ ಕನ್ನಡದಲ್ಲಿ ಮಾತಾಡಬೇಕು ಎಂದೆ. "ಆಗಲಿ ಸರ್." ಇದೇ ಗೇಮನ್ನು ನಾವು ಬೇರೆಯವರಿಗೂ ಕೊಡಬಹುದು, ನೀವು ಯಾಕೆಂದು ಕೇಳಕೂಡದು. "ಖಂಡಿತ ಸರ್." ನಿಮ್ಮ ಆನ್‌ಲೈನ್ ಅಂಗಡಿಯ ಮೊದಲ ಪುಟದಲ್ಲೇ ನಮ್ಮ ಗೊಂಬೆ ಕಾಣಬೇಕು. "ನಾವೂ ಅದನ್ನೇ ಯೋಚಿಸಿದ್ವಿ ಸರ್!" ನನಗೆ ಬೆವರು ಬಂತು. ಒಂದಕ್ಕಾದರೂ ಇಲ್ಲ ಅನ್ನಬಾರದೆ? ಹೊರಗಿನವರ ವಿಶ್ವಾಸ ಬೇಕಾದ ಕನ್ಸೋಲ್ ಕಂಪನಿಗಳಿಗೆ ನನ್ನದೊಂದು ಬಿಟ್ಟಿ ಸಲಹೆ: ಕೊಡಬೇಕೆಂದಿರುವುದನ್ನೆಲ್ಲ ಕೊಡಿ, ಆದರೆ ಒಸಿ ಗೊಣಗಿಕೊಂಡು ಕೊಡಿ.

ನಾನು ನಮ್ಮ ಕಡೆಯ ಕಟ್ಟಕಡೆಯ ಅಸ್ತ್ರ ಪ್ರಯೋಗಿಸಿದೆ. "ಬೇಡ ಬಿಡಿ, ನಮಗೆ ಗಿಟ್ಟೋಲ್ಲ," ಎಂದು ಎದ್ದೆ. ಅಂಗಡಿಯ ಮೆಟ್ಟಿಲಿಳಿದರೆ ಹಿಂದಿನಿಂದ "ಬನ್ನಿ ಯಜಮಾನ್ರೆ, ಕೊನೇ ಮಾತು ಹೇಳಿ" ಎಂದು ಕೂಗುವುದು ಲೋಕರೂಢಿ. ತೊಂದರೆಯೆಂದರೆ ಇದು ನನ್ನದೇ ಮನೆ, ಎದ್ದು ಹೋಗುವುದೆಲ್ಲಿಗೆ? ಹಿತ್ತಿಲಿಗೆ ಹೋಗಿ ನಿಂತೆ. ಕೂಗು ಬರಲಿಲ್ಲ. ಕಾರು ಹೊರಟ ಸದ್ದು ಬಂತು.

"ಕೇಳಿದ್ನೆಲ್ಲಾ ಕೊಡ್ತೀನಿ ಅಂದೋರ್ನ ಓಡ್ಸ್‌ಬುಟ್ರಲ್ರೀ!" ಎಂದ ಭಾಗ್ಯಳ ಕಣ್ಣಲ್ಲಿ ನೀರಿತ್ತು. ಆದರೂ ಮೊದಲು ನಾನೇ ಫೋನ್ ಮಾಡಿದರೆ ಸೋತಂತೆ ಎಂದು ವಾರವೆಲ್ಲ ಸುಮ್ಮನಿದ್ದೆ. ಕೊನೆಗೆ ಅವಳೇ ಮಾಡಿದಳು, ನನಗೂ ಕೇಳುವಂತೆ ಸ್ಪೀಕರ್ ಹಾಕಿದಳು.

ಅರವಿಂದ್ ತಡವರಿಸಿದ. "ತಪ್ಪು ತಿಳೀಬೇಡಿ ಮೇಡಂ. ಕೇಳಿದ್ದೆಲ್ಲ ಕೊಟ್ರೂ ಬೇಡ ಅಂದವರು ನಮಗೆ ಸಿಕ್ಕಿದ್ದು ಇದೇ ಮೊದಲು. ಗೇಮ್ ಅವರದೇ ಇರಲಿಕ್ಕಿಲ್ಲ, ಎಲ್ಲಿಂದಲೋ ಕದ್ದಿರಬೇಕು, ಅದಕ್ಕೇ ಸಹಿಗೆ ಹೆದರ್ತಾರೆ ಅಂತ ಆಫೀಸಲ್ಲಿ ಮಾತಾಯ್ತು."

ಭಾಗ್ಯ ವಿಡಿಯೋ ಕರೆಯಲ್ಲಿ ಅವನ ಎದುರೇ ಗೊಂಬೆ ಬರೆದು ತೋರಿಸಿದಳು. ಅವಳನ್ನು ತಕ್ಷಣ ನಂಬಿದರು. ನನ್ನನ್ನು ಮಾತ್ರ ಕಂಪ್ಯೂಟರಿನ ಮುಂದೆ ಕೂರಿಸಿ, ಇದು ಯಾಕೆ ಹೀಗೆ, ಅದು ಯಾಕೆ ಹಾಗೆ ಎಂದು ಸಂಜೆಯವರೆಗೂ ಪ್ರಶ್ನೆ ಕೇಳಿದರು. ಒಪ್ಪಂದ ಅವಳ ಹೆಸರಿಗಾಯಿತು, ಅವಳ ಮುಖ ಅರಳಿತು. ನನಗೂ ಸಂತೋಷವೇ. ಆದರೆ ಒಂದು ವಿಷಯ ಈಗಲೂ ಚುಚ್ಚುತ್ತದೆ. ಜಗತ್ತಿನಲ್ಲಿ ಎಲ್ಲರ ಮೇಲೂ ಅನುಮಾನಪಟ್ಟ ನನಗೆ, ನನ್ನ ಮೇಲೂ ಯಾರಾದರೂ ಅನುಮಾನಪಡಬಹುದು ಎಂಬ ಅನುಮಾನ ಮಾತ್ರ ಒಮ್ಮೆಯೂ ಬಂದಿರಲಿಲ್ಲ.