ಅಂಗಾಲಿನ ಗಂಟೂ ಮೂರನೇ ಮಹಡಿಯೂ

ನಮ್ಮನ್ನು ಕುರಿತು ಅಕ್ಕಪಕ್ಕದವರು ಹೇಳುತ್ತಿದ್ದದ್ದು ಇಷ್ಟೇ: "ದರ್ಜಿಯ ಕತ್ತರಿ ಅಂಗಡೀಲಿರುತ್ತೆ. ಮನೇಲಿ ಅವನ ಮಾತು ಕತ್ತರಿಸೋಕೆ ಹೆಂಡತಿ ಸಾಕು." ನಾನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಏಕೆಂದರೆ ನನಗೆ ಮೂರನೇ ಮಹಡಿಯ ಮನೆಯಿತ್ತು, ಅದಕ್ಕೆ ಲಿಫ್ಟ್ ಇರಲಿಲ್ಲ, ಮತ್ತು ನಮ್ಮ ಅತ್ತೆಗೆ ಮಂಡಿನೋವಿತ್ತು. (ಅತ್ತೆಯವರ ಮೇಲೆ ನನಗೆ ಅಪಾರ ಗೌರವ. ಮೂರು ಮಹಡಿ ಎತ್ತರದಿಂದ ಅದು ಇನ್ನೂ ಹೆಚ್ಚುತ್ತಿತ್ತು.)

ಹೀಗಿರುವಾಗ ನನ್ನ ಬಲ ಅಂಗಾಲಿನ ನಡುವೆ ಒಂದು ಗಂಟು ಅವತರಿಸಿತು. ಅಂಗಿಯ ಗುಂಡಿಯಷ್ಟು ಗಾತ್ರ, ಕೋಟಿನ ಗುಂಡಿಯಷ್ಟು ಗತ್ತು. ನಿಂತು ಬಟ್ಟೆ ಕತ್ತರಿಸುವಾಗಲೆಲ್ಲ ಒತ್ತುತ್ತಿತ್ತು. ಮನಸ್ಸಿನಲ್ಲೇ ಉಯಿಲು ಬರೆದು ಮುಗಿಸಿ ಡಾಕ್ಟರ ಬಳಿ ಹೋದೆ.

ಡಾಕ್ಟರು ಹೆಬ್ಬೆರಳಿನಿಂದ ಒತ್ತಿ, ಸ್ಕ್ಯಾನ್ ಮಾಡಿಸಿ ನೋಡಿ, "ಅಪಾಯದ ಗಂಟಲ್ಲ. ಅಂಗಾಲಿನ ನಾರು ಒಂದು ಕಡೆ ದಪ್ಪಗಾಗಿದೆ, ಅಷ್ಟೆ" ಎಂದರು.

"ಆಪರೇಷನ್ನು?"

"ತೆಗೆದರೂ ಮತ್ತೆ ಬರಬಹುದು. ದೊಡ್ಡದಾದ್ರೆ, ನೋವು ತಡೀಲಾರದೆ ಹೋದ್ರೆ ಆಮೇಲೆ ಯೋಚಿಸೋಣ. ಸದ್ಯಕ್ಕೆ ಚಪ್ಪಲಿಯೊಳಗೆ ಮೆತ್ತನೆ ಪ್ಯಾಡ್ ಇಡಿ, ಗಂಟಿರೋ ಜಾಗಕ್ಕೆ ತೂತು ಮಾಡಿ. ದಿನಾ ಮೆಟ್ಟಿಲಿನ ಅಂಚಲ್ಲಿ ನಿಂತು ಹಿಮ್ಮಡಿ ಕೆಳಗಿಳಿಸಿ ಅಂಗಾಲು ಹಿಗ್ಗಿಸೋ ವ್ಯಾಯಾಮ ಮಾಡಿ."

ಅಷ್ಟು ದೊಡ್ಡ ಭಯಕ್ಕೆ ಇಷ್ಟು ಚಿಕ್ಕ ಔಷಧವೇ? ನನಗೆ ಅವಮಾನವಾಯಿತು. ಮನೆಗೆ ಬಂದು ಕಾಲನ್ನು ಕುರ್ಚಿಯ ಮೇಲೆ ಪ್ರತಿಷ್ಠಾಪಿಸಿದೆ.

"ಏನಂದ್ರು ರೀ?" ಹೆಂಡತಿ ಕೇಳಿದಳು.

"ನಾರಿನ ಗಂಟಂತೆ."

"ಮೆಟ್ಟಿಲು ಹತ್ತಬಹುದಂತಾ?"

ನಾನು ಸುಳ್ಳು ಹೇಳಲಿಲ್ಲ. ಒಂದು ನಿಟ್ಟುಸಿರು ಬಿಟ್ಟೆ, ಅಷ್ಟೆ. ಅದರ ಮಹಿಮೆಯಿಂದ ತರಕಾರಿ ಚೀಲ, ಕಸದ ಬುಟ್ಟಿ ಎಲ್ಲವೂ ಅವಳ ಪಾಲಾದವು. ನಾನು ಮೆತ್ತನೆ ಬಟ್ಟೆ ಕತ್ತರಿಸಿ, ತೂತಿನ ಸುತ್ತ ಗುಂಡಿಗೆ ಕಾಜಾ ಹೊಲಿಯುವಂತೆ ಹೊಲಿದು ಪ್ಯಾಡ್ ಮಾಡಿಕೊಂಡೆ. ನೋವು ಅರ್ಧಕ್ಕರ್ಧ ಇಳಿಯಿತು. ನಿಟ್ಟುಸಿರು ಇಳಿಯಲಿಲ್ಲ.

ಒಂದು ಸಂಜೆ ಹೆಂಡತಿ ಹೇಳಿದಳು, "ನಿಮ್ಮ ಕಷ್ಟ ನೋಡೋಕಾಗ್ತಿಲ್ಲ ರೀ. ಮೆಟ್ಟಿಲಿಲ್ಲದ ಮನೆ ಹುಡುಕಿದೀನಿ. ಬೀಗದ ಕೈನೂ ತಂದಾಯ್ತು."

"ಎಲ್ಲಿ?"

"ಅಮ್ಮನ ಮನೆ ಪಕ್ಕದಲ್ಲೇ. ಮಧ್ಯೆ ಒಂದೇ ಗೋಡೆ."

ನನ್ನ ಕಾಲು ಆ ಕ್ಷಣವೇ ಗುಣವಾಯಿತು. ಎದ್ದೆ, ನಡೆದೆ, ಬಲಗಾಲಿನಲ್ಲೇ ಕುಪ್ಪಳಿಸಿ ತೋರಿಸಿದೆ.

"ನನಗೋಸ್ಕರ ನೋವು ನುಂಗ್ಕೋಬೇಡಿ" ಎಂದು ಅವಳು ಕಣ್ಣೊರೆಸಿಕೊಂಡಳು. ಮೂರೂ ಮಹಡಿ ಇಳಿದು ಹತ್ತಿ ಬಂದೆ. ಎದುರುಮನೆಯಾಕೆ ಬಾಗಿಲಲ್ಲಿ ನಿಂತು, "ಪಾಪ, ನೋವು ತಲೆಗೇರಿದೆ" ಎಂದಳು.

ಮನೆ ಬಿಡುವ ದಿನ ಸಾಮಾನೆಲ್ಲ ಇಳಿದು, ನನ್ನ ಹೊಲಿಗೆ ಯಂತ್ರವೊಂದು ಉಳಿಯಿತು.

"ಅದನ್ನ ನೀವೇ ಇಳಿಸಿ. ಮೆಟ್ಟಿಲೇ ನಿಮಗೆ ಔಷಧಿಯಂತೆ" ಎಂದಳು ಹೆಂಡತಿ.

"ಯಾ... ಯಾರಂದ್ರು?"

"ಡಾಕ್ಟರು. ನೀವು ನಿಟ್ಟುಸಿರು ಬಿಟ್ಟ ಮಾರನೇ ದಿನವೇ ಹೋಗಿ ಕೇಳ್ಕೊಂಡು ಬಂದೆ. ಅಂಚಲ್ಲಿ ನಿಲ್ಲೋದು ಹೇಗಂತ ನನಗೂ ತೋರಿಸಿಕೊಟ್ರು."

"ಮತ್ತೆ ಮನೆ ಯಾಕೆ ಬಿಡ್ತಿದೀವಿ?"

ಅವಳು ಖಾಲಿ ಗೋಡೆಗಳನ್ನೊಮ್ಮೆ ನೋಡಿದಳು. "ನಾವಿಲ್ಲಿಗೆ ಬಂದಾಗಿನಿಂದ ನಮ್ಮಮ್ಮ ಮಗಳ ಅಡುಗೆಮನೆ ಹೇಗಿದೆ ಅಂತ ಒಂದು ಸಲಾನೂ ನೋಡಿಲ್ಲ. ಕೇಳಿದ್ರೆ ನೀವು ಒಪ್ತಿದ್ರಾ?"

ಅವಳು ನನ್ನ ಮಾತು ಕತ್ತರಿಸಬೇಕಾಗಲಿಲ್ಲ. ನಾನೇ ಬಗ್ಗಿ ಯಂತ್ರಕ್ಕೆ ಕೈ ಹಾಕಿದೆ.

"ಅಲ್ಲಿ ಮೆಟ್ಟಿಲಿಲ್ಲ ಅಂತ ಚಿಂತೆ ಬೇಡ" ಎಂದು ಅವಳು ಇಳಿಯತೊಡಗಿದಳು. "ಅಮ್ಮನ ಬಾಗಿಲ ಮುಂದೆ ಒಂದಿದೆ. ದಿನಾ ಬೆಳಿಗ್ಗೆ ಎದುರಿಗೆ ಕೂತು ಅವರೇ ವ್ಯಾಯಾಮ ಮಾಡಿಸ್ತಾರಂತೆ."

ಯಂತ್ರ ಹೊತ್ತು, ಕಾಲಿನಿಂದಲೇ ಬಾಗಿಲೆಳೆದು, ಆ ಮನೆಯಿಂದ ಕೊನೆಯ ಸಲ ಹೊರಬಿದ್ದೆ. ಮೊದಲ ಮೆಟ್ಟಿಲಲ್ಲೇ ಒಂದು ನಿಟ್ಟುಸಿರು ಬಂತು. ಅಪ್ಪಟ ನಿಜವಾದದ್ದು. ಯಾರೂ ನಂಬಲಿಲ್ಲ.