ಅಕ್ಕೋರು ಅಮೆರಿಕದ ಮೇಲೆ ಸಿಟ್ಟಾದದ್ದು

ಬಳ್ಳಾರಿಯಲ್ಲಿ ಕೂತು ಅಮೆರಿಕದ ಅಧ್ಯಕ್ಷನನ್ನು ದಿನಾ ಸಂಜೆ ತಪ್ಪದೆ ಬೈಯುತ್ತಿದ್ದವರು ಯಾರಾದರೂ ಇದ್ದರೆ ಅದು ನಮ್ಮ ಅಕ್ಕೋರು ಒಬ್ಬರೇ! ಈ ಸಂಗತಿ ಆ ಅಧ್ಯಕ್ಷನಿಗೆ ಗೊತ್ತಿರಲಿಲ್ಲ, ಅದು ಅವನ ಪುಣ್ಯ. ಗೊತ್ತಿದ್ದರೆ ಮುಂದಿನ ಚುನಾವಣೆಗೆ ನಿಲ್ಲುತ್ತಿದ್ದನೋ ಇಲ್ಲವೋ, ನನಗಂತೂ ಅನುಮಾನ.

ಸಾಲಿ ಕಲಿಸುವ ಹೆಣ್ಣುಮಗಳಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಇವರು ಸಿರುಗುಪ್ಪದ ಸಾಲಿಯಲ್ಲಿ ಆಯುಷ್ಯವಿಡೀ ಇತಿಹಾಸ ಕಲಿಸಿ, ರಿಟೈರಾಗಿ ಬಳ್ಳಾರಿಯ ಕಂಟೋನ್ಮೆಂಟಿಗೆ ಬಂದು, ಚರ್ಚಿನ ಕಂಪೌಂಡಿನ ಒಂದು ಕೋಣೆಯಲ್ಲಿದ್ದರು. ಅವರ ಅಜ್ಜಿಯ ಕಾಲದಿಂದ ಕ್ರೈಸ್ತ ಮನೆತನ. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ಯಾರಿಗಿತ್ತು? ಅವರ ಕೈಯಲ್ಲಿ ಕಪ್ಪು ಕೊಡೆ, ಮನೆಯಲ್ಲಿ ಒಂದು ಹಳೆಯ ರೇಡಿಯೋ. ಬ್ರೂಸ್‌ಪೇಟೆಯ ಓಣಿಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ಪರಿಚಯ ಆದದ್ದು ಹಾಗೆ.

ಸಾವಿರದ ಒಂಬೈನೂರ ಎಂಬತ್ತನೇ ಇಸವಿಯ ಸುಮಾರು. ಒಂದು ಮಧ್ಯಾಹ್ನ, ಬಳ್ಳಾರಿಯ ನಾಯಿಗಳೂ ನೆರಳು ಬಿಟ್ಟು ಕದಲದ ಬಿಸಿಲಲ್ಲಿ, ಅಕ್ಕೋರು ಜಟಕಾದಿಂದ ಇಳಿದು ರೇಡಿಯೋ ತಂದು ಮೇಜಿನ ಮೇಲಿಟ್ಟರು. ಮುಂಭಾಗ ಒಡೆದು ಚೂರಾಗಿತ್ತು.

"ಬಿತ್ತೇನ್ರಿ ಅಕ್ಕೋರೆ?"

"ಬೀಳ್ಲಿಲ್ಲ. ಹೊಡದೆ."

"ಯಾತಕ್ರಿ?"

"ಸುಳ್ಳು ಹೇಳ್ತು."

ಆಗ ಶಾರ್ಟ್‌ವೇವಿನಲ್ಲಿ ಸಂಜೆ ಹೊತ್ತು ಅಮೆರಿಕದ ಕ್ರೈಸ್ತ ಬೋಧಕರ ಇಂಗ್ಲಿಷ್ ಪ್ರವಚನ ಬರುತ್ತಿತ್ತು. ಅಲ್ಲಿ ಚುನಾವಣೆಯ ಕಾಲ. ಒಬ್ಬ ಬೋಧಕ, ದೇವರು ಈ ಸಲ ಇಂಥ ಅಭ್ಯರ್ಥಿಯ ಕಡೆಗಿದ್ದಾನೆ ಅಂದನಂತೆ. ಅಕ್ಕೋರು ಕೊಡೆ ಎತ್ತಿದರಂತೆ.

"ದೇವ್ರು ಯಾವಾಗ ಬೂತ್ ಏಜೆಂಟ್ ಆದನಲೇ?" ಅಂತ ನನ್ನನ್ನೇ ಗದರಿಸಿದರು, ನಾನೇ ಆತನನ್ನು ನೇಮಿಸಿದವನ ಹಾಗೆ!

"ಸಿಟ್ಟು ಬರೋದಾದ್ರ ಸ್ಟೇಷನ್ ಬದಲ್ ಮಾಡ್ರಿ."

"ನಾ ಯಾಕ ಬದಲ್ ಮಾಡ್ಲಿ? ಅವ ಬದಲ್ ಆಗ್ಲಿ!"

ಅವನು ಬದಲಾಗಲಿಲ್ಲ. ರೇಡಿಯೋ ಮೇಲಿಂದ ಮೇಲೆ ನನ್ನಲ್ಲಿಗೆ ಬರತೊಡಗಿತು. ಸಿಡಿಲು ಬಡಿದ ರೇಡಿಯೋ ಕಂಡಿದ್ದೇನೆ, ಇಲಿ ಕಡಿದದ್ದು ಕಂಡಿದ್ದೇನೆ. ದೇವರ ಪರವಾಗಿ ಏಟು ತಿಂದದ್ದು ಇದೊಂದೇ.

ನಾನು ಬೆಸುಗೆ ಹಾಕುವಾಗ ಅಕ್ಕೋರು ಸ್ಟೂಲಿನ ಮೇಲೆ ಕೂತು ಪಾಠ ಶುರುಮಾಡುತ್ತಿದ್ದರು. ಅಂಗಡಿಗೆ ಬಂದವರೆಲ್ಲ ವಿದ್ಯಾರ್ಥಿಗಳೇ. ಒಮ್ಮೆ ಮೋಕಾ ಊರಿನ ಶೇಂಗಾ ವ್ಯಾಪಾರಿಯೊಬ್ಬ ಟ್ರಾನ್ಸಿಸ್ಟರ್ ತಂದು ಸಿಕ್ಕಿಬಿದ್ದ.

"ಅಮೆರಿಕಕ್ಕ ಕರಿಯ ಮಂದಿನ ಹಡಗಿನಾಗ ತುಂಬಿಕೊಂಡು ಬಂದ್ರು" ಅಂದರು ಅಕ್ಕೋರು. "ಸಂತ್ಯಾಗ ಎತ್ತಿನ ಹಲ್ಲು ನೋಡಿದಂಗ ಹಲ್ಲು ನೋಡಿ ಮಾರಿದ್ರು. ಮಾರಿದವ್ರು ಐತವಾರ ಬಂದು ಚರ್ಚಿನ ಮುಂದಿನ ಬೆಂಚಿನಾಗ ಕುಂತ್ರು. ಪಾದ್ರಿ ಸತ್ಯವೇದ, ಅದ ಬೈಬಲ್ಲು, ತೆಗೆದು, ಇದು ದೇವರ ಚಿತ್ತ ಅಂದ. ಅದೇ ಸತ್ಯವೇದದ ಮಾತು ಕೇಳಿ ಆ ಕರಿಯ ಮಂದಿ, ನಮಗೂ ಬಿಡುಗಡಿ ಐತಿ ಅಂತ ಹಾಡಿದ್ರು. ಈ ರೇಡಿಯೋದವ ಬರೇ ಮುಂದಿನ ಬೆಂಚಿನವ್ರ ಚರಿತ್ರಿ ಹೇಳ್ತಾನ. ಹಿಂದ ನಿಂತವ್ರದು ಯಾರು ಹೇಳಬೇಕು? ನೀ ಹೇಳ್ತಿಯೇನು?"

ಕೊಡೆಯ ತುದಿ ತನ್ನ ಕಡೆ ತಿರುಗಿದ್ದು ನೋಡಿ ವ್ಯಾಪಾರಿ ಕೈ ಮುಗಿದ. "ನಾ ಮಂದಿನ ಮಾರಿಲ್ರಿ ಅಕ್ಕೋರೆ. ಬರೇ ಶೇಂಗಾ ಮಾರತೀನಿ!"

ಒಂದು ದಿನ ನಾನು ಕೆಣಕಿದೆ. "ಕ್ರೈಸ್ತರಾಗಿ ಕ್ರೈಸ್ತರನ್ನೇ ಬೈತೀರಲ್ರಿ?"

"ನನ್ನ ಮನಿ ಕಸ ನಾ ಹೊಡಿಬೇಕೋ, ನೀ ಬಂದು ಹೊಡಿತೀಯೋ? ಹೋದ ಚುನಾವಣ್ಯಾಗ ನಿಮ್ಮ ಮಠದ ಸ್ವಾಮಿಗಳು ಯಾರ ಪಕ್ಕ ಕುಂತಿದ್ರಲೇ ಸ್ಟೇಜಿನ ಮ್ಯಾಲೆ? ಅವ್ರನ್ನ ನೀ ಬೈ. ಹೂಂ, ಬೈ ನೋಡೋಣು!"

ನಾನು ಬೆಸುಗೆ ಮುಂದುವರಿಸಿದೆ.

ಇಂಥ ಅಕ್ಕೋರ ಊರಿಗೆ ಅಮೆರಿಕದಿಂದ ಒಬ್ಬ ಬೋಧಕ ಸಾಕ್ಷಾತ್ ಬಂದಿಳಿದರೆ ಏನಾಗಬೇಡ? ಬಂದ! ಚರ್ಚಿನ ಹಿರಿಯರು ಮೈದಾನದಲ್ಲಿ ದೊಡ್ಡ ಪೆಂಡಾಲು ಹಾಕಿಸಿದರು. ಮೈಕ್ ಸೆಟ್ ನನ್ನದು. ಭಾಷಣವನ್ನು ಕನ್ನಡಕ್ಕೆ ಹೇಳಬೇಕಿದ್ದವನು ಗುಂತಕಲ್ಲಿನಲ್ಲಿ ರೈಲು ತಪ್ಪಿಸಿಕೊಂಡ. ಅಷ್ಟು ಇಂಗ್ಲಿಷ್ ಬಲ್ಲವರು ಕಂಪೌಂಡಿನಲ್ಲಿ ಬೇರೆ ಯಾರಿದ್ದರು? ಹಿರಿಯರು ಹಲ್ಲು ಕಚ್ಚಿಕೊಂಡು ಅಕ್ಕೋರ ಬಾಗಿಲಿಗೆ ಹೋದರು.

"ಅವ್ರು ಹೇಳಿದ್ದಷ್ಟ ಹೇಳ್ರಿ, ಸಾಕು."

"ದೇವರ ಮಾತು ಹೇಳಿದ್ರ ಹೇಳ್ತೀನಿ" ಅಂದರು ಅಕ್ಕೋರು.

ಆ ಬೋಧಕ ಆರಡಿಯ ಆಳು, ನಮ್ಮ ಬಿಸಿಲಿಗೆ ಟೊಮ್ಯಾಟೊ ಆಗಿದ್ದ. ಮೊದಮೊದಲು ಪಾಪ, ಪಶ್ಚಾತ್ತಾಪ, ಕ್ಷಮೆ ಅಂತ ಮಾತಾಡಿದ. ಅಕ್ಕೋರು ಅದನ್ನು ಎಂಥ ಕನ್ನಡದಲ್ಲಿ ಹೇಳಿದರು! ರೂಪನಗುಡಿಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಆ ಮಾರಾಯ ತನ್ನ ದೇಶಕ್ಕೆ ಹೊರಳಿದ. ತನ್ನ ದೇಶವನ್ನು ದೇವರೇ ಕಟ್ಟಿದ್ದಾನೆ, ತನ್ನ ಅಧ್ಯಕ್ಷ ದೇವರ ಬಲಗೈ, ನಾಸ್ತಿಕರ ಮೇಲೆ ತಾವು ಹಾಕಿದ ಬಾಂಬು ದೇವರ ಕೋಪ ಅಂದ.

ಅಕ್ಕೋರು ಅವನ ಕಡೆ ತಿರುಗಿದರು. ಅವನು ಕಾಯ್ದ. ಇನ್ನೊಮ್ಮೆ ಹೇಳಿ ಅಂತ ಅಕ್ಕೋರು ಇಂಗ್ಲಿಷಿನಲ್ಲಿ ಕೇಳಿದರು. ಅವನು ಇನ್ನೂ ಜೋರಾಗಿ ಹೇಳಿದ. ಅಕ್ಕೋರು ಮೈಕಿಗೆ ಬಾಗಿದರು.

"ಇವ್ರು ಈಗ ಒಂದು ಸುಳ್ಳು ಹೇಳಿದ್ರು. ಅದನ್ನ ಕನ್ನಡಕ್ಕ ತರಾಕ ನನ್ನಿಂದ ಆಗಂಗಿಲ್ಲ."

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ನೋಡನೋಡುತ್ತ ಎಲ್ಲರೂ ತಟ್ಟಿದರು. ಚಪ್ಪಾಳೆ ತನ್ನ ಬಾಂಬಿಗೇ ಬಿತ್ತು ಅಂತ ತಿಳಿದ ಬೋಧಕ ಎರಡೂ ಕೈ ಮೇಲೆತ್ತಿ "ಹಲ್ಲೆಲೂಯಾ!" ಅಂದುಬಿಟ್ಟ!

"ಬಾಂಬು ಬಿದ್ದ ಊರಾಗ ತೊಟ್ಟಿಲ ಕೂಸುಗಳಿದ್ವು" ಅಂತ ಅಕ್ಕೋರು ಮುಂದುವರಿಸಿದರು. "ಅವು ಯಾವ ಪಾಪ ಮಾಡಿದ್ವು? ನನ್ನ ಯೇಸು ಯಾವ ಸರ್ಕಾರದ ನೌಕರನೂ ಅಲ್ಲ. ಅವನನ್ನ ಕೊಂದದ್ದು ಸರ್ಕಾರ!"

ಹಿರಿಯರೊಬ್ಬರು ಮೈಕ್ ಬಂದ್ ಮಾಡು ಅಂತ ನನಗೆ ಕೈಸನ್ನೆ ಮಾಡುತ್ತಿದ್ದರು. ನಾನು ವಾಲ್ಯೂಮನ್ನು ಒಂಚೂರು ಏರಿಸಿ, ವೈರು ಹುಡುಕುವವನ ಹಾಗೆ ಮೇಜಿನ ಕೆಳಗೆ ತೂರಿಬಿಟ್ಟೆ.

ನಗು ಅಲ್ಲಿಗೇ ಮುಗಿಯಿತು. ಮರುದಿನ ಹಿರಿಯರು ಸಭೆ ಸೇರಿ ಹೇಳಿದರು: ಕ್ಷಮೆ ಕೇಳಿ, ಇಲ್ಲ ಕೋಣೆ ಖಾಲಿ ಮಾಡಿ.

"ಕ್ಷಮಾ ಕೇಳಾಕ ನಾ ತಪ್ಪು ಅನುವಾದ ಮಾಡಿಲ್ಲ" ಅಂದರು ಅಕ್ಕೋರು. ಟ್ರಂಕು ತುಂಬಿದರು.

ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಆ ಸಭೆಯಲ್ಲಿ ಕೂತವರಲ್ಲಿ ಅರ್ಧ ಮಂದಿ ಸಿರುಗುಪ್ಪದ ಸಾಲಿಯಲ್ಲಿ ಇವರ ಕೈಯಲ್ಲೇ ಕಲಿತು ಬಂದವರು. ಯಾರ ಮಾನ ಕಾಯಲು ಇವರನ್ನು ಹೊರಗೆ ಹಾಕಿದರೋ ಆ ಬೋಧಕ ಅಷ್ಟು ಹೊತ್ತಿಗೆ ಬೇರೆ ಊರು ಸೇರಿದ್ದ. ಈ ಮುದುಕಿಗೆ ಕೋಣೆ ಹೋದದ್ದು ಅವನಿಗೆ ಗೊತ್ತೇ ಇಲ್ಲ! ದೊಡ್ಡವರ ದೇವರು, ದೊಡ್ಡವರ ದೇಶ. ಬೀದಿಗೆ ಬಿದ್ದದ್ದು ಮಾತ್ರ ನಮ್ಮ ಅಕ್ಕೋರ ಟ್ರಂಕು.

ನಮ್ಮವ್ವ ಕುರುಗೋಡಿನ ಹೆಣ್ಣು. ಅಪ್ಪ ತೀರಿದ ಮೇಲೆ ಮನೆ ನಡೆಸಿದವಳು. ಸುದ್ದಿ ಕೇಳಿದವಳೇ "ನಮ್ಮ ಮುಂದಿನ ಕೋಣಿ ಖಾಲಿ ಐತಿ, ಕರಕೊಂಡು ಬಾ" ಅಂದಳು. ದೊಡ್ಡಪ್ಪ ಸುದ್ದಿ ತಿಳಿದು ಓಡಿಬಂದ.

"ಯಾವ ಜಾತಿ ಅಂತ ಕೇಳಿದೇನವ್ವ?"

ಅವ್ವ ಸೆರಗು ತಲೆಗೆಳೆದುಕೊಂಡು ಹೇಳಿದಳು. "ಕೇಳಾದೇನೈತ್ರಿ? ಸಿಟ್ಟಿನ ಜಾತಿ. ನಿಮ್ಮದೂ ಅದ ಅಲ್ಲೇನು?"

ದೊಡ್ಡಪ್ಪ ಚಹಾ ಸಹಿತ ಕುಡಿಯದೆ ಎದ್ದುಹೋದ.

ಅಕ್ಕೋರು ಬಂದರು. ನಮ್ಮನ್ನು ಯಾವತ್ತೂ ತಮ್ಮ ಧರ್ಮಕ್ಕೆ ಕರೆಯಲಿಲ್ಲ. ಒಮ್ಮೆ ಅವ್ವನೇ ಕೇಳಿದಳು. "ನಿಮ್ಮ ಯೇಸು ಏನ್ ಕೆಲಸ ಮಾಡ್ತಿದ್ದನ್ರಿ?"

"ಬಡಗ್ಯಾನ ಕೆಲಸ."

"ದುಡಿದು ಉಂಡಾವ. ಹಂಗಾದ್ರ ಒಳ್ಳೇವ ಇರಬೇಕು" ಅಂತ ಅವ್ವ ಸರ್ಟಿಫಿಕೇಟ್ ಕೊಟ್ಟಳು. ಅಕ್ಕೋರು ಸುಮ್ಮನೆ ಒಪ್ಪಿಕೊಂಡ ಮಾತು ನನಗೆ ತಿಳಿದಂತೆ ಅದೊಂದೇ!

ಕೆಲವು ವರ್ಷಗಳ ಮೇಲೆ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಆಸ್ಪತ್ರೆಯಿಂದ ಬಂದ ಮೊದಲ ಮುಂಜಾನೆ, ಗೋಡೆಯಲ್ಲಿನ ದೇವರ ಗೂಡು, ಆ ಮಾಡದ ಕಡೆಗೆ ನೋಡುತ್ತ ಒದ್ದಾಡಿದಳು. ನನ್ನ ಹೆಂಡತಿ ನೀರು ತಂದಳು, ನಾನು ಫ್ಯಾನು ಹಚ್ಚಿದೆ. ಅವ್ವನ ಕಣ್ಣಲ್ಲಿ ನೀರು.

"ಸರೀರಿ ಅತ್ಲಾಗ! ಕಣ್ಣಿಲ್ಲೇನು ನಿಮಗ?" ಅಕ್ಕೋರು ನಮ್ಮಿಬ್ಬರನ್ನೂ ನೂಕಿ, ಮಾಡದಿಂದ ಅವ್ವ ದಿನಾ ಹಚ್ಚಿಕೊಳ್ಳುತ್ತಿದ್ದ ವಿಭೂತಿ ಗಟ್ಟಿ ತಂದರು. ಹನಿ ನೀರು ಹಾಕಿ ತೇಯ್ದರು.

"ಮೂರು ಬಟ್ಟಿನ ಗೆರಿಯೋ, ನಾಕೋ, ಯವ್ವಾ?"

ಅವ್ವ ಎಡಗೈಯ ಮೂರು ಬೆರಳು ಎತ್ತಿದಳು.

ಅಕ್ಕೋರು ಮೂರು ಬೆರಳು ಅದ್ದಿ ಅವ್ವನ ಹಣೆಯ ಮೇಲೆ ಎಳೆದರು. ಗೆರೆ ಸೊಟ್ಟ ಬಂತು. ತಮ್ಮ ಸೆರಗಿನಿಂದ ಒರೆಸಿ, ಉಸಿರು ಬಿಗಿಹಿಡಿದು ಇನ್ನೊಮ್ಮೆ ಎಳೆದರು. "ಈಗ ಸರಿ ಬಂತೇನವ್ವ?" ಅಂದರು. ಅಷ್ಟು ಮೆತ್ತಗಿನ ದನಿ ಅವರಲ್ಲಿ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಅವ್ವ ಅರ್ಧ ಬಾಯಲ್ಲಿ ನಕ್ಕಳು. ಅಕ್ಕೋರು ಮಂಚದ ಪಕ್ಕ ನೆಲದ ಮೇಲೆ ಕೂತು, ಆ ಬಿದ್ದ ಬಲಗೈಯನ್ನು ಮಡಿಲಿಗೆ ತೆಗೆದುಕೊಂಡು, ಒಂದೊಂದೇ ಬೆರಳು ನೀವತೊಡಗಿದರು.