ಯಾವ ಮಗುವಿಗೆ ಯಾವ ಪ್ರಶ್ನೆಪತ್ರಿಕೆ

ಪರೀಕ್ಷೆಯ ದಿನ ಹತ್ತಿರ ಬಂದಾಗಲೆಲ್ಲ ನನ್ನ ಕೆಲಸದಲ್ಲಿ ಒಂದಲ್ಲ ಒಂದು ನಗೆಪಾಟಲು ನಡೆದೇ ನಡೆಯುತ್ತದೆ. ನಡೆಯಲಿಲ್ಲವೆಂದರೆ ಪರೀಕ್ಷೆಯೇ ಮುಂದಕ್ಕೆ ಹೋಗಿದೆ ಎಂದು ತಿಳಿಯಬೇಕು.

ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾಗದ, ನಿಧಾನವಾಗಿ ಕಲಿಯುವ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕಿ ನಾನು. ಇಂಥ ಮಕ್ಕಳು ರಾಜ್ಯಮಟ್ಟದ ಪರೀಕ್ಷೆ ಬರೆಯುವಾಗ ಯಾರಿಗೆ ಎಂಥ ಪ್ರಶ್ನೆಪತ್ರಿಕೆ ಬೇಕು, ಯಾರಿಗೆ ಹೆಚ್ಚು ಸಮಯ ಬೇಕು, ಯಾರಿಗೆ ಉತ್ತರ ಬರೆದುಕೊಡುವ ಸಹಾಯಕ ಬೇಕು ಎಂದು ನಿರ್ಧರಿಸುವುದು ನನ್ನ ಕೆಲಸ. ನಿರ್ಧರಿಸುವುದು ನಾನು, ಅದನ್ನು ಬದಲಾಯಿಸುವುದು ಉಳಿದವರೆಲ್ಲ. ಇರುವುದು ಸಿಂಧನೂರಿನಲ್ಲಿ. ಲಿಂಗಸುಗೂರು, ಮಸ್ಕಿಗಳಲ್ಲಿ ನನ್ನಂಥವರ ಹುದ್ದೆ ಖಾಲಿ ಬಿದ್ದಿರುವುದರಿಂದ ಅಲ್ಲಿನ ನಗೆಪಾಟಲೂ ನನ್ನ ಪಾಲಿಗೇ ಬಂದಿದೆ.

ದೊಡ್ಡ ಅಕ್ಷರ

ತುರ್ವಿಹಾಳದ ಶಾಲೆಯಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಳು. ಬ್ರೈಲ್ ಓದುತ್ತಿದ್ದಳು, ಬೆರಳು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಅವಳಿಗೆ ಬ್ರೈಲ್ ಪ್ರಶ್ನೆಪತ್ರಿಕೆ ಬೇಕೆಂದು ಮೊದಲೇ ತಿಳಿಸಿದ್ದೆ. ಪರೀಕ್ಷೆಯ ದಿನ ಹೋದರೆ ಹೆಡ್‌ಮಾಸ್ತರರು ಮುಖ ಅರಳಿಸಿಕೊಂಡು ಬಂದು, ಚಾಪೆಯಂತೆ ಸುತ್ತಿದ್ದ ಕಾಗದವೊಂದನ್ನು ಮೇಜಿನ ಮೇಲೆ ಹರಡಿದರು.

"ನೋಡ್ರಿ ಮೇಡಂ, ರಾಯಚೂರಿಗೆ ಹೋಗಿ ಮಾಡಿಸ್ಕೊಂಡು ಬಂದೀವಿ. ಒಂದೊಂದು ಅಕ್ಷರ ಬದನಿಕಾಯಿ ಇದ್ದಂಗ ಅದಾವ!"

"ಸರ್, ಆಕಿಗೆ ಕಣ್ಣು ಕಾಣಂಗಿಲ್ರಿ."

"ಅದಕ್ಕ ಮತ್ತ ದೊಡ್ಡದು ಮಾಡ್ಸೀವಿ!"

"ಏನೂ ಕಾಣಂಗಿಲ್ರಿ. ಬೆಳಕು ಸುದ್ದಾ ಕಾಣಂಗಿಲ್ಲ."

ಅವರು ಗಲ್ಲ ಕೆರೆದುಕೊಂಡು ಯೋಚಿಸಿದರು. "ಹಂಗಾರ ಇನ್ನಾ ಸ್ವಲ್ಪ ದೊಡ್ಡದು ಮಾಡ್ಸಬೇಕಿತ್ತೇನ್ರಿ?"

ಕೊನೆಗೆ ಬೇರೆ ಕೋಣೆಯಲ್ಲಿ ಕೂರಿಸಿ, ಪ್ರಶ್ನೆ ಓದಿ ಹೇಳಿಸಿ, ಅವಳು ಹೇಳಿದ ಉತ್ತರವನ್ನು ಬರೆಸಿದ್ದಾಯಿತು. ಎಲ್ಲಕ್ಕೂ ಪಟಪಟನೆ ಉತ್ತರ ಹೇಳಿದಳು. ಸಂಜೆ ಮನೆಗೆ ಹೊರಟವಳನ್ನು ಹೆಡ್‌ಮಾಸ್ತರರು ಪ್ರೀತಿಯಿಂದ ಕೇಳಿದರು, "ನಾವು ಮಾಡ್ಸಿದ ಪೇಪರ್ ಹೆಂಗಿತ್ತವ್ವಾ?"

"ಭಾಳ ಚಲೋ ಇತ್ರಿ ಸರ. ಮಧ್ಯಾಹ್ನ ಊಟಕ್ಕ ನಾಕು ಮಂದಿ ಅದರ ಮ್ಯಾಲ ಆರಾಮ್ ಕುಂತ್ವಿ."

ಕುದುರೆ

ಗೊರೇಬಾಳದ ಹತ್ತಿರ ಗದ್ದೆಗಳ ನಡುವೆ ಒಂದು ಶಾಲೆ. ಐದನೇ ತರಗತಿಯ ಹುಡುಗನೊಬ್ಬನಿಗೆ ಕಿವಿ ಕೇಳುತ್ತಿರಲಿಲ್ಲ. ಕನ್ನಡ ಪರೀಕ್ಷೆಯಲ್ಲಿ 'ಆಲಿಸಿ ಬರೆಯಿರಿ' ಎಂಬ ಪ್ರಶ್ನೆ: ಮೇಷ್ಟ್ರು ಓದಿದ್ದನ್ನು ಮಕ್ಕಳು ಕೇಳಿ ಬರೆಯಬೇಕು. ಇವನಿಗೆ ಓದುವ ಬದಲು ಚಿತ್ರ ತೋರಿಸಿ ಬರೆಸೋಣ ಎಂದೆ. ಮೇಷ್ಟ್ರು ಒಪ್ಪಲಿಲ್ಲ.

"ಓದಿ ಹೇಳ್ರಿ ಅಂತ ಆರ್ಡರ್ ಐತ್ರಿ. ಜೋರಾಗಿ ಹೇಳ್ತೀನಿ, ಕೇಳಲಾರ್ದ ಎಲ್ಲಿ ಹೋಗ್ತಾನ?"

ಮದುವೆಗೆ ಶಾಮಿಯಾನ ಹಾಕುವವನಿಂದ ಮೈಕು ಬಂತು. ಮಂಚದಷ್ಟು ದೊಡ್ಡ ಸ್ಪೀಕರ್ ಡಬ್ಬಿಯನ್ನು ಹುಡುಗನ ಬೆಂಚಿಗೆ ಆನಿಸಿಟ್ಟರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಕೂಗಿದರು: "ಕೆಂಪು ಕುದುರೆಯೊಂದು ಕಾಲುವೆಯ ದಂಡೆಯ ಮೇಲೆ ನಿಂತಿದೆ!"

ಕಿಟಕಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು ಸೊಂಟ ನೆಟ್ಟಗೆ ಮಾಡಿ ನಿಂತು, "ಯಾರ ಕುದುರಿ ಬೇ ಅದು?" ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಮೇಷ್ಟ್ರು ಅದನ್ನೇ ಮತ್ತೆ ಮತ್ತೆ ಕೂಗಿದರು. ಹುಡುಗ ಗಂಭೀರವಾಗಿ ಪೆನ್ಸಿಲ್ ತೆಗೆದು ಬರೆದ. ನೋಡಿದರೆ, 'ಬೆಂಚು ನಡುಗುತ್ತಿದೆ.'

"ತಪ್ಪು," ಎಂದರು ಮೇಷ್ಟ್ರು.

"ಖರೇ ಇದ್ದದ್ದನ್ನ ಬರದಾನಲ್ರಿ," ಎಂದೆ ನಾನು.

ವಾದ ಮಾಡಿ ಮಾಡಿ ಸುಸ್ತಾಗಿ, ಕೊನೆಗೆ ನಾನೇ ಹಲಗೆಯ ಮೇಲೆ ಕಾಲುವೆಯ ದಂಡೆ, ಅದರ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಕುದುರೆಯ ಚಿತ್ರ ಬರೆದೆ. ನನ್ನ ಕುದುರೆ ಸ್ವಲ್ಪ ಎಮ್ಮೆಯ ಕಡೆ ವಾಲಿತ್ತು. ಆದರೂ ಹುಡುಗ ಒಂದು ತಪ್ಪಿಲ್ಲದೆ ವಾಕ್ಯ ಬರೆದ. ಅಷ್ಟರಲ್ಲಿ ಬೈಕ್ ನಿಲ್ಲಿಸಿ ಒಬ್ಬ ರೈತ ಬೆವರು ಒರೆಸುತ್ತ ಬಾಗಿಲಿಗೆ ಬಂದ.

"ಸರ, ಕಾಲುವಿ ದಂಡಿ ಆ ತುದಿತನಕ ನೋಡಿ ಬಂದೆ. ಯಾವ ಕುದುರಿನೂ ಇಲ್ರಿ."

ದೊಡ್ಡ ತೊಂದರೆ

ಸಿಂಧನೂರಿನ ನಮ್ಮ ಕಚೇರಿಗೆ ಒಬ್ಬ ಜಮೀನುದಾರರು ಬಂದು ಎದುರಿಗೆ ಕೂತರು. ಶುಭ್ರ ಬಿಳಿ ಅಂಗಿ, ಹಣೆಯ ತುಂಬ ವಿಭೂತಿ.

"ಮೇಡಂ, ಪರೀಕ್ಷಾದಾಗ ಒಂದು ತಾಸು ಹೆಚ್ಗಿ ಕೊಡ್ತೀರಂತ. ಬರಿಯಾಕ ಒಬ್ಬನ್ನ ಕೊಡ್ತೀರಂತ. ನಮ್ಮ ಹುಡುಗಗೂ ಅದನ್ನ ಮಾಡಿಸ್ರಿ."

"ಕಣ್ಣಿನ ತೊಂದ್ರಿ ಐತೇನ್ರಿ?"

"ಛೇ, ದೂರದಿಂದ ಮೊಬೈಲಿನ್ಯಾಗ ಯಾರು ಫೋನ್ ಮಾಡ್ಯಾರ ಅಂತ ಹೇಳ್ತಾನ."

"ಕಿವಿ?"

"ನಾ ಬೈಕ್ ಚಾಲೂ ಮಾಡಿದ್ರ ಮಾಳಗಿ ಮ್ಯಾಲಿಂದ ಓಡಿ ಬರ್ತಾನ."

"ಮತ್ತ ಏನು ತೊಂದ್ರಿ ಐತ್ರಿ?"

"ಓದಂಗಿಲ್ರಿ."

ಅದಕ್ಕೆ ಯಾವ ರಿಯಾಯಿತಿಯೂ ಇಲ್ಲವೆಂದೆ. ಅವರಿಗೆ ನಿಜವಾಗಿಯೂ ಬೇಜಾರಾಯಿತು.

"ಇಷ್ಟೆಲ್ಲಾ ಸಣ್ಣಪುಟ್ಟ ತೊಂದ್ರಿಗೆ ಮಾಫಿ ಕೊಡ್ತೀರಿ, ದೊಡ್ಡದಕ್ಕ ಇಲ್ಲಂತೀರಲ್ರಿ!"

ಸಮಾನತೆ

ಗುರುಗುಂಟಾದಿಂದ ಲಿಂಗಸುಗೂರಿಗೆ ಹತ್ತನೇ ತರಗತಿಯ ಪರೀಕ್ಷೆ ಬರೆಯಲು ಬರಬೇಕಿದ್ದ ಹುಡುಗನಿಗೆ ಕಾಲಲ್ಲಿ ಬಲವಿರಲಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಬರವಣಿಗೆ ಮಾತ್ರ ಅಚ್ಚು ಹಾಕಿದಂತೆ. ಅವನಿಗಾಗಿ ನಾನು ಕೇಳಿದ್ದು ಕೆಳಗಿನ ಕೋಣೆಯೊಂದನ್ನು, ಅಷ್ಟೇ. ಸಭೆಯಲ್ಲಿ ದೊಡ್ಡ ಅಧಿಕಾರಿಯೊಬ್ಬರು ಅದನ್ನು ಹೊಡೆದುಹಾಕಿದರು.

"ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಕೊಟ್ರ ತಕರಾರು ಬರ್ತಾವ. ಎಲ್ಲಾರಿಗೂ ಬರಿಯೋ ಸಹಾಯಕರನ್ನ ಕೊಟ್ಟುಬಿಡ್ರಿ. ಸಮಾನತೆ ಅಂದ್ರ ಅದು!"

ಪರೀಕ್ಷೆಯ ದಿನ ಹುಡುಗನ ನಂಬರು ಮೇಲಿನ ಮಹಡಿಯ ಕೋಣೆಯಲ್ಲಿ. ಹುಡುಗ ಮೆಟ್ಟಿಲ ಬುಡದಲ್ಲಿ. ಬರೆಯಲು ಬಂದ ಸಹಾಯಕ ಆಗಲೇ ಹತ್ತಿ ಹೋಗಿ ಅವನ ಜಾಗದಲ್ಲಿ ಕೂತಿದ್ದ. ನಾನು ಕೇಂದ್ರದ ಮುಖ್ಯಸ್ಥರ ಹಿಂದೆ ಬಿದ್ದೆ.

"ಬರಿಯೋವ ಮ್ಯಾಲ ಹೋಗ್ಯಾನಲ್ರಿ, ಮತ್ತೇನ್ ಬೇಕು?" ಎಂದರು.

"ಉತ್ತರ ಗೊತ್ತಿರೋವ ಕೆಳಗ ಅದಾನ್ರಿ!"

"ಹಂಗಾರ ಕೆಳಗಿಂದ ಕೂಗಿ ಹೇಳಲಿ."

ಕೊನೆಗೆ ಕೆಳಗಿನ ಶಿಕ್ಷಕರ ಕೋಣೆ ಖಾಲಿಯಾಯಿತು, ಹುಡುಗ ಅಲ್ಲಿ ಕೂತು ತನ್ನ ಕೈಯಾರೆ ಬರೆದ. ಆದರೆ ಖಾಲಿಯಾಗಿದ್ದು ನನ್ನ ವಾದದಿಂದಲ್ಲ. ಗಂಟೆ ಹೊಡೆಯುವ ಹೊತ್ತಿಗೆ ಹುಡುಗ ಎಲ್ಲರಿಗೂ ಕೇಳುವಂತೆ ಹೇಳಿದ್ದ:

"ಸರ, ಅವ್ನೇ ಬರೀಲಿ ಬಿಡ್ರಿ. ಪಾಸಾದ್ರ ನಮ್ಮ ಮನಿಗೆ ತಿಳಸ್ರಿ, ಫೇಲಾದ್ರ ಅವ್ನ ಮನಿಗೆ ತಿಳಸ್ರಿ."

ಅತಿಥಿ

ಮಸ್ಕಿಯ ಬಟ್ಟೆ ಅಂಗಡಿಯವರ ಮಗಳಿಗೆ ಬುದ್ಧಿಯ ಬೆಳವಣಿಗೆ ನಿಧಾನ. ಎಂಟನೇ ತರಗತಿಯಲ್ಲಿದ್ದರೂ ಓದು ಬರಹ ಹತ್ತಿರಲಿಲ್ಲ. ಆದರೆ ಮನೆ ಕೆಲಸ, ಬಂದವರ ಉಪಚಾರ ಎಲ್ಲ ಅಚ್ಚುಕಟ್ಟು. ಪರೀಕ್ಷೆ ಬಂದಾಗ ಶಾಲೆಯವರು ತಾಯಿಯನ್ನು ಕರೆದು, "ಆ ದಿನ ಮಗಳನ್ನ ಮನ್ಯಾಗ ಇಟ್ಕೊಳ್ರಿ, ಶಾಲಿ ಫಲಿತಾಂಶ ಕೆಡ್ತತಿ," ಎಂದರು.

ತಾಯಿ ಸೀದಾ ನನ್ನ ಹತ್ತಿರ ಬಂದರು. ಕಣ್ಣಲ್ಲಿ ನೀರು, ಮಾತಿನಲ್ಲಿ ಬೆಂಕಿ. "ಅಂಗವಿಕಲರ ದಿನಾಚರಣಿ ಅಂದ್ರ ಫೋಟೋಕ್ಕ ನನ್ನ ಮಗಳನ್ನ ಮುಂದ ನಿಲ್ಲಸ್ತಾರ. ಪರೀಕ್ಷಾ ಅಂದ್ರ ಮನ್ಯಾಗ ಇಟ್ಕೊ ಅಂತಾರ. ಆಕಿ ಫೋಟೋಕ್ಕಷ್ಟ ವಿದ್ಯಾರ್ಥಿನಿ ಏನ್ರಿ?"

ಅವಳಿಗೆ ತಕ್ಕ ಪರೀಕ್ಷೆ ಬೇಕು, ದಿನದ ಬದುಕಿನ ಪ್ರಶ್ನೆಗಳನ್ನು ಬಾಯಿಮಾತಿನಲ್ಲಿ ಕೇಳಬೇಕು ಎಂದು ನಾನು ಕಚೇರಿ ಕಚೇರಿ ಅಲೆದೆ. ಒಪ್ಪಿಗೆ ಸಿಕ್ಕಿತು, ಒಂದು ಷರತ್ತಿನೊಂದಿಗೆ: ಸಾಹೇಬರೊಬ್ಬರು ಖುದ್ದಾಗಿ ಬಂದು ನೋಡುವರು.

ಸಾಹೇಬರು ಬೆಳಿಗ್ಗೆಯೇ ಬಂದರು. ಇದೂ ಒಂದು ಪರೀಕ್ಷೆಯೇನು ಎಂಬ ಮುಖ. ನನ್ನನ್ನು ಪಕ್ಕಕ್ಕೆ ಸರಿಸಿ ಪ್ರಶ್ನೆಗಳನ್ನೆಲ್ಲ ತಾವೇ ಕೇಳತೊಡಗಿದರು. ಹುಡುಗಿ ಬಟ್ಟೆ ಮಡಚಿ ತೋರಿಸಿದಳು. ಗಡಿಯಾರ ನೋಡಿ ವೇಳೆ ಹೇಳಿದಳು. ಬಸ್ಸು ತಪ್ಪಿದರೆ ಏನು ಮಾಡಬೇಕೆಂದು ಹೇಳಿದಳು. ಸಾಹೇಬರಿಗೆ ನಂಬಿಕೆ ಬರಲಿಲ್ಲ. ಚಹಾ ಬಂತು, ಮತ್ತೆ ಚಹಾ ಬಂತು. ಹೊರಗೆ ಬಿಸಿಯೂಟದ ತಟ್ಟೆಗಳ ಸದ್ದು, ಸಾಂಬಾರಿನ ಘಮ. ಹುಡುಗಿಯ ಕಣ್ಣು ಬಾಗಿಲ ಕಡೆಗೇ.

"ಮನಿಗೆ ಯಾರಾರ ಬಂದ್ರ ಏನ್ ಮಾಡ್ತಿ?" ಸಾಹೇಬರು ಕೇಳಿದರು.

"ಬರ್ರಿ, ಕುಂದರ್ರಿ ಅಂತೀನಿ."

"ಆಮ್ಯಾಲ?"

"ನೀರು ಕೊಡ್ತೀನಿ."

"ಆಮ್ಯಾಲ?"

"ಚಾ ಕೊಡ್ತೀನಿ."

"ಆಮ್ಯಾಲ?"

ಹುಡುಗಿ ಸಾಹೇಬರನ್ನು ನೋಡಿದಳು. ಅವರ ಮುಂದಿದ್ದ ಖಾಲಿ ಕಪ್ಪುಗಳನ್ನು ನೋಡಿದಳು. ಗೋಡೆಯ ಗಡಿಯಾರ ನೋಡಿದಳು.

"ಆಮ್ಯಾಲ ಅವ್ರು ಎದ್ದು ಹೋಗಬೇಕ್ರಿ."

ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಸಾಹೇಬರು ನನ್ನ ಕಡೆ ತಿರುಗಿದರು. "ಉತ್ತರ ಬರೋಬ್ಬರಿ ಐತ್ರಿ ಸರ್," ಎಂದೆ. ಬಾಗಿಲ ಹೊರಗೆ ನಿಂತಿದ್ದ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಾಹೇಬರು ಪೂರ್ತಿ ಅಂಕ ಹಾಕಿ, ಬ್ಯಾಗು ಎತ್ತಿಕೊಂಡು, ಮಾತಿಲ್ಲದೆ ಹೊರಟರು. ಹುಡುಗಿ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಸರ, 'ಹೋಗಿ ಬರ್ತೀನಿ' ಅನ್ರಿ. ಇಲ್ಲಾಂದ್ರ ನಿಮಗ ಮಾರ್ಕ್ಸ್ ಇಲ್ಲ."